ಗಂಟೆಗೆ ಸುತ್ತಿದ ಬಟ್ಟೆ

ಗಂಡ ಹೆಂಡಿರ ಜಗಳ, ಅತ್ತೆ ಸೊಸೆ ಜಗಳ, ಸೈಟಿನ ಜಗಳ. ಇವನ್ನೆಲ್ಲ ಓದಿ ಓದಿ ನನ್ನ ಚರ್ಮ ದಪ್ಪವಾಗಿದೆ. ಆದರೆ ಈ ವಾರ ಬಂದ ಒಂದು ಪತ್ರ ಎರಡು ದಿನ ಸುಮ್ನೆ ಕೂರಲು ಬಿಡಲಿಲ್ಲ.

ಬರೆದವರು ಮಂಡ್ಯ ಕಡೆಯ ಒಬ್ಬ ಮೇಷ್ಟ್ರು. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾರೆ. ವಯಸ್ಸು 39. ದೇವರನ್ನು ನಂಬುವುದಿಲ್ಲ. ಅಪ್ಪ ತೀರಿಕೊಂಡು ಮೂರು ವರ್ಷ. ಮನೆಯಲ್ಲಿ ಅವ್ವ, ಹೆಂಡತಿ, ಏಳು ವರ್ಷದ ಮಗಳು. ಪಿತೃಪಕ್ಷದಲ್ಲಿ ಅಪ್ಪನ ಫೋಟೊ ಮುಂದೆ ಎಡೆ ಇಡಬೇಕು, ಮಗ ನಿಂತು ಧೂಪ ಹಾಕಬೇಕು ಎಂಬುದು ಅವ್ವನ ಆಸೆ. ಎರಡು ವರ್ಷ ಹಲ್ಲು ಕಚ್ಚಿಕೊಂಡು ಹಾಕಿದರಂತೆ. ಈ ಸಲ ಆಗಲ್ಲ, ಆ ದುಡ್ಡಲ್ಲಿ ಹಾಸ್ಟೆಲ್ ಹುಡುಗರಿಗೆ ನೋಟ್‌ಬುಕ್ ಕೊಡಿಸುತ್ತೇನೆ ಎಂದರು. ಅವ್ವ ಮಾತು ಬಿಟ್ಟು ಹನ್ನೊಂದು ದಿನ. ಅಕ್ಕನ ಗಂಡ ಮನೆಯವರ ವಾಟ್ಸ್ಯಾಪ್ ಗ್ರೂಪಿನಲ್ಲಿ 'ಹೆತ್ತಪ್ಪನಿಗೆ ಒಂದು ತುತ್ತು ಇಡದವನು' ಎಂದು ಶುರು ಮಾಡಿದರು. ಮೇಷ್ಟ್ರು ಅಲ್ಲೇ ಉತ್ತರ ಕೊಟ್ಟರು. ಈಗ ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ಅದರೊಳಗೆ ಇಳಿದಿದ್ದಾರೆ.

'ನಾಸ್ತಿಕನಾದ ನಾನು ಅವ್ವನ ಜೊತೆ ಗೌರವದಿಂದ ಮಾತಾಡೋದು ಹೇಗೆ?' ಇದು ಪ್ರಶ್ನೆ. ಜೊತೆಗೆ ಐದು ಪುಟದ ವಾದ ಲಗತ್ತಿಸಿದ್ದಾರೆ. ಅವ್ವನನ್ನು ಕೂರಿಸಿಕೊಂಡು ಓದಿ ಹೇಳುವುದಕ್ಕಂತೆ. ತಪ್ಪಿದ್ದರೆ ತಿದ್ದಿಕೊಡಿ ಎಂದಿದ್ದಾರೆ.

ಮೇಷ್ಟ್ರೇ, ಐದೂ ಪುಟ ಓದಿದೆ. ಕಾಗುಣಿತ ಚೆನ್ನಾಗಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ವಾದವಲ್ಲ, ನಿಮ್ಮ ಪತ್ರದಲ್ಲಿ ನೀವೇ ಕಂಸದೊಳಗೆ ಹಾಕಿಬಿಟ್ಟ ಒಂದು ಸಾಲು. '(ದಿನದ ಪೂಜೆಯಿಂದ ಮನೆಯಲ್ಲಿ ಏನೂ ತೊಂದರೆ ಇಲ್ಲ. ಗಣೇಶನ ಹಬ್ಬ ಆದಾಗಿನಿಂದ ಅವ್ವ ನಾವು ಏಳೋಕೆ ಮುಂಚೆ, ನಾಲ್ಕೂವರೆಗೇ ಮುಗಿಸಿಬಿಡುತ್ತಾಳೆ. ಗಂಟೆ ನಾಲಿಗೆಗೆ ಬಟ್ಟೆ ಸುತ್ತಿಕೊಂಡಿದ್ದಾಳೆ, ಸದ್ದೂ ಬರಲ್ಲ.)'

ಇದನ್ನು ನೀವು ಮನೆಯಲ್ಲಿ ಶಾಂತಿ ಇದೆ ಎನ್ನುವುದಕ್ಕೆ ಸಾಕ್ಷಿಯಾಗಿ ಬರೆದಿದ್ದೀರಿ. ನನಗೆ ಅದು ಹಾಗೆ ಕಾಣಲಿಲ್ಲ. ಅರವತ್ತೆಂಟು ವರ್ಷದ ಹೆಂಗಸು, ತನ್ನದೇ ಮನೆಯಲ್ಲಿ, ಕತ್ತಲಲ್ಲಿ ಎದ್ದು, ಹಳೇ ಸೀರೆಯ ಚೂರೊಂದನ್ನು ಹಿತ್ತಾಳೆ ಗಂಟೆಯೊಳಗೆ ಬೆರಳು ಹಾಕಿ ಸುತ್ತುತ್ತಿದ್ದಾರೆ. ಆಮೇಲೆ ಅದನ್ನು ಆಡಿಸುತ್ತಿದ್ದಾರೆ. ಸದ್ದೇ ಬರದ ಗಂಟೆ! ಮದುವೆಯಾಗಿ ಬಂದಾಗಿನಿಂದ ಎಷ್ಟು ವರ್ಷ ಆಡಿಸಿದ್ದರೋ, ಕೈ ಬಿಡಲಾಗಲಿಲ್ಲ. ಸದ್ದು ಮಾಡಲು ಧೈರ್ಯವೂ ಬರಲಿಲ್ಲ. ಜನ ಯಾಕೆ ಹಾಗೆ ಮಾಡುತ್ತಾರೆ? ನಗುತ್ತಾರೆ ಅನ್ನೋ ಭಯಕ್ಕೆ. ನಿಮ್ಮ ಮನೆಯಲ್ಲಿ ಗೌರವ ಬೇಕಾಗಿರುವುದು ಯಾರಿಗೆ ಎಂದು ಇನ್ನೂ ಕೇಳಬೇಕೇ?

ಗಣೇಶನ ಹಬ್ಬದ ದಿನ ಏನಾಯಿತು ಎಂಬುದೂ ನಿಮ್ಮ ಪತ್ರದಲ್ಲೇ ಇದೆ. ಪಿತೃಪಕ್ಷ ಬಂತಲ್ಲ, ತಾತ ಬಂದು ಊಟ ಮಾಡಿಕೊಂಡು ಹೋಗ್ತಾರೆ ಅಂತ ಅಜ್ಜಿ ಮೊಮ್ಮಗಳಿಗೆ ಹೇಳುತ್ತಿದ್ದರು. ನೀವು ನಡುವೆ ಬಾಯಿ ಹಾಕಿದಿರಿ. 'ಹಂಗಾದ್ರೆ ನಾಳೆಯಿಂದ ನನ್ನ ಡಬ್ಬೀನೂ ಫೋಟೊ ಮುಂದೆ ಇಡವ್ವ, ಕಾಲೇಜಲ್ಲಿ ನನ್ನ ಹೊಟ್ಟೆ ತುಂಬುತ್ತೆ.' ಮಗು ನಕ್ಕಿತು. ಅವ್ವ ಎದ್ದು ಒಳಗೆ ಹೋದರು. 'ಸಣ್ಣ ತಮಾಷೆ' ಎಂದು ಬರೆದಿದ್ದೀರಿ.

ಆ ತಮಾಷೆ ನಿಮ್ಮದಲ್ಲ, ಬಹಳ ಹಳೆಯದು. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಜಾಬಾಲಿ ಎಂಬ ಬ್ರಾಹ್ಮಣ ರಾಮನಿಗೆ ಇದನ್ನೇ ಹೇಳುತ್ತಾನೆ. ಸತ್ತವನು ಏನು ತಿಂದಾನು? ಇಲ್ಲಿ ಒಬ್ಬರು ಉಂಡದ್ದು ಇನ್ನೊಬ್ಬರ ಹೊಟ್ಟೆ ಸೇರುವುದಾದರೆ ಪ್ರಯಾಣ ಹೊರಟವರಿಗೂ ಮನೆಯಲ್ಲೇ ಶ್ರಾದ್ಧ ಮಾಡಿಬಿಡಿ, ದಾರಿಗೆ ಬುತ್ತಿ ಯಾಕೆ? ತರ್ಕ ಗಟ್ಟಿಯಾಗಿಯೇ ಇದೆ. ನಾನು ಅದನ್ನು ಸೋಲಿಸಲು ಹೊರಟಿಲ್ಲ. ಆದರೆ ಅವನು ಅದನ್ನು ಯಾವಾಗ ಹೇಳಿದ ನೋಡಿ. ಭರತ ಕಾಡಿಗೆ ಬಂದು ಅಪ್ಪ ಸತ್ತ ಸುದ್ದಿ ಹೇಳಿದ್ದಾನೆ. ರಾಮ ಮಂದಾಕಿನಿಗೆ ಇಳಿದು, ಕಾಡಲ್ಲಿ ಸಿಕ್ಕ ಇಂಗುದಿ ಹಣ್ಣಿನ ಹಿಂಡಿಯಲ್ಲೇ ಪಿಂಡ ಕಟ್ಟಿ ಅಪ್ಪನಿಗೆ ಇಟ್ಟು ಬಂದಿದ್ದಾನೆ. ನಾವು ತಿನ್ನೋದು ಇದೇ, ಇದನ್ನೇ ತಿನ್ನು, ಮನುಷ್ಯ ಏನು ತಿನ್ನುತ್ತಾನೋ ಅವನ ದೇವರೂ ಅದನ್ನೇ ತಿನ್ನೋದು ಅಂದಿದ್ದಾನೆ. ಅಂಥವನ ಮುಂದೆ ಜಾಬಾಲಿ ಬುತ್ತಿಯ ಲೆಕ್ಕ ತೆಗೆದ. ರಾಮ ಕೆರಳಿದ. ಇಂಥವನನ್ನು ಹತ್ತಿರ ಇಟ್ಟುಕೊಂಡರಲ್ಲ ಎಂದು ಸತ್ತ ಅಪ್ಪನನ್ನೂ ಬೈದ. ಕೊನೆಗೆ ವಸಿಷ್ಠರು ಬಂದು ಸಮಾಧಾನ ಮಾಡಬೇಕಾಯಿತು.

ರಾಮನಂಥ ರಾಮನಿಗೇ ತಡೆಯಲಾಗದ ಮಾತನ್ನು ಗಂಡನನ್ನು ಕಳೆದುಕೊಂಡ ನಿಮ್ಮ ಅವ್ವ ತಡೆದುಕೊಂಡರು. ಬೈಯಲಿಲ್ಲ. ಹೋಗಿ ಗಂಟೆಗೆ ಬಟ್ಟೆ ಸುತ್ತಿದರು.

ಇನ್ನು ಎಡೆ. ನಿಮ್ಮ ಐದು ಪುಟದಲ್ಲಿ 'ಮೂಢನಂಬಿಕೆ' ಎಂಬ ಪದ ಒಂಬತ್ತು ಸಲ ಬಂದಿದೆ, ಎಣಿಸಿದೆ. ಅವ್ವ ಎಡೆ ಯಾಕೆ ಇಡುತ್ತಾರೆ ಅನ್ನುವುದು ಒಂದು ಸಲವೂ ಬಂದಿಲ್ಲ. ಆದರೆ ಎಡೆಯಲ್ಲಿ ಏನೇನು ಇರುತ್ತದೆ ಅಂತ ಪಟ್ಟಿ ಕೊಟ್ಟಿದ್ದೀರಿ, ನಗುವುದಕ್ಕೆ. ಮುದ್ದೆ, ಮಟನ್ ಸಾರು, ವಡೆ, ಹೊಸ ಪಂಚೆ, ಒಂದು ಲೋಟ ಟೀ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. 'ಬೀಡಿ ಸೇದಿಯೇ ಸತ್ತ ಮನುಷ್ಯನಿಗೆ ಬೀಡಿ' ಎಂದು ಬರೆದಿದ್ದೀರಿ. ಬದುಕಿದ್ದಾಗ ಆ ಬೀಡಿಗಾಗಿ ನಿಮ್ಮ ಅವ್ವ ಅವರ ಜೊತೆ ಎಷ್ಟು ಜಗಳ ಆಡಿರಬಹುದು? ಬಚ್ಚಿಟ್ಟಿರಬಹುದು, ಒಲೆಗೆ ಹಾಕಿರಬಹುದು. ಈಗ ತಾವೇ ಅಂಗಡಿಗೆ ಹೋಗಿ ತಂದು, ಫೋಟೊ ಮುಂದೆ ಇಟ್ಟು, ಬಾಗಿಲು ಎಳೆದುಕೊಂಡು ಜಗುಲಿ ಮೇಲೆ ಕೂರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ ಬಾಗಿಲು ತೆಗೆಯುತ್ತಾರೆ. ಒಳಗಿರುವವರಿಗೆ ಗಾಬರಿ ಆಗಬಾರದು ಅಂತ! ಇದರಲ್ಲಿ ಮೋಸ ಹೋದವರು ಯಾರೂ ನನಗೆ ಕಾಣುತ್ತಿಲ್ಲ. ಮಾಂತ್ರಿಕ ಬಂದು ದುಡ್ಡು ಕಿತ್ತಿಲ್ಲ. ಯಾರನ್ನೂ ಮುಟ್ಟಬೇಡ, ಒಳಗೆ ಬರಬೇಡ ಎಂದಿಲ್ಲ. ಅಂಥದ್ದು ನಡೆದಿದ್ದರೆ ಈ ಪತ್ರಕ್ಕೆ ನನ್ನ ಉತ್ತರವೇ ಬೇರೆ ಇರುತ್ತಿತ್ತು.

ನೀವು ಎಚ್.ನರಸಿಂಹಯ್ಯನವರ ಹೆಸರು ಎತ್ತಿದ್ದೀರಿ. ನನಗೂ ಎಚ್ಚೆನ್ ಮೇಷ್ಟ್ರು ಅಂದರೆ ಗೌರವ. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಸತ್ಯಸಾಯಿ ಬಾಬಾ ಅವರಿಗೆ ಮೂರು ಪತ್ರ ಬರೆದರು, ನಮ್ಮೆದುರು ಮಾಡಿ ತೋರಿಸಿ ಎಂದರು. ಉತ್ತರ ಬರಲಿಲ್ಲ. ದೊಡ್ಡ ಗಲಾಟೆಯಾಯಿತು, ಅವರು ಹೆದರಲಿಲ್ಲ. ಆದರೆ ಅವರು ಪತ್ರ ಬರೆದದ್ದು ಯಾರಿಗೆ? ಲಕ್ಷಾಂತರ ಜನ ಕೈಮುಗಿಯುತ್ತಿದ್ದವರಿಗೆ. ಪವಾಡ ಮಾಡುತ್ತೇನೆ ಅನ್ನುವವರನ್ನು ಸಾಕ್ಷಿ ಕೇಳೋಣ. ನಿಮ್ಮ ಅವ್ವ ಯಾವ ಪವಾಡ ಮಾಡುತ್ತೇನೆ ಅಂದಿದ್ದಾರೆ? ನನ್ನ ಗಂಡ ಬೀಡಿ ಸೇದುತ್ತಿದ್ದ ಅಂದಿದ್ದಾರೆ, ಅಷ್ಟೇ.

ನಂಬುವವರೂ ನಂಬದವರೂ ಮಾತಾಡಿದ್ದಕ್ಕೆ ಉದಾಹರಣೆ ಬೇಕೆಂದರೆ ಗಾಂಧಿ ಮತ್ತು ಗೋರಾ ಇದ್ದಾರೆ. ಗೋರಾ ಅಂದರೆ ಆಂಧ್ರದ ಗೋಪರಾಜು ರಾಮಚಂದ್ರ ರಾವ್. 1940ರಲ್ಲೇ ನಾಸ್ತಿಕ ಕೇಂದ್ರ ತೆರೆದವರು. ಸೇವಾಗ್ರಾಮಕ್ಕೆ ಹೋಗಿ ದೇವರಿಲ್ಲ ಎಂದು ಗಾಂಧಿಗೇ ಹೇಳಿದರು. ಗಾಂಧಿ ಕೂತು ಕೇಳಿದರು, ಒಪ್ಪಲಿಲ್ಲ. ಗೋರಾ ಕೂಡ ಬದಲಾಗಲಿಲ್ಲ. ಆದರೆ ಇಬ್ಬರಿಗೂ ಒಂದೇ ಕೆಲಸ ಇತ್ತು, ಅಸ್ಪೃಶ್ಯತೆ ತೊಲಗಿಸುವುದು. ಗೋರಾ ತಮ್ಮ ಮಗಳನ್ನು ದಲಿತ ಹುಡುಗನಿಗೆ ಕೊಡುತ್ತೇನೆ ಎಂದಾಗ, ಮದುವೆ ಸೇವಾಗ್ರಾಮದಲ್ಲೇ ಆಗಲಿ ಎಂದರು ಗಾಂಧಿ. ಅಲ್ಲಿನ ಕ್ರಮದಲ್ಲಿ 'ದೇವರ ಹೆಸರಿನಲ್ಲಿ' ಎಂದಿದ್ದ ಕಡೆ 'ಸತ್ಯದ ಹೆಸರಿನಲ್ಲಿ' ಎಂದು ಬದಲಿಸಲು ಒಪ್ಪಿದರು. ಮದುವೆ ನಡೆಯುವ ಹೊತ್ತಿಗೆ ಗಾಂಧಿ ಇರಲಿಲ್ಲ, 1948ರ ಜನವರಿಯಲ್ಲಿ ಕೊಂದಿದ್ದರು. ಆದರೂ ಮದುವೆ ಅಲ್ಲೇ ಆಯಿತು.

ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತು. ಕಷ್ಟದ ಮಾತನ್ನು ಎದುರುಬದುರು ಕೂತು ಆಡಬಾರದು. ಇಬ್ಬರ ಕೈಯಲ್ಲೂ ಕೆಲಸ ಇರಬೇಕು. ಅವರೆಕಾಳು ಹಿಸುಕುವಾಗ ಆದಷ್ಟು ರಾಜಿ ಯಾವ ಪಂಚಾಯ್ತಿಯಲ್ಲೂ ಆಗಿಲ್ಲ. (ಈಗ ಅವರೆ ಕಾಲವಲ್ಲ. ಸೊಪ್ಪು ಬಿಡಿಸಿ.) ಕಣ್ಣು ಕೆಳಗಿರುತ್ತದೆ, ಮಧ್ಯೆ ಸುಮ್ಮನಿದ್ದರೂ ನಡೆಯುತ್ತದೆ. ಐದು ಪುಟ ಹಿಡಿದು ಕುರ್ಚಿ ಎಳೆದುಕೊಂಡು ಕೂತರೆ ಅದು ಮಾತುಕತೆ ಅಲ್ಲ, ವೈವಾ.

ನಮ್ಮನೆಯಲ್ಲೂ ಅಪ್ಪನಿಗೆ ದೇವರಿರಲಿಲ್ಲ, ಅಮ್ಮನಿಗೆ ಶನಿವಾರ ಒಪ್ಪತ್ತು. ದೇವರ ಫೋಟೊಗಳು ಎತ್ತರದಲ್ಲಿದ್ದವು, ಅಮ್ಮನಿಗೆ ಕೈ ಎಟುಕದು. ಹಬ್ಬದ ಹಿಂದಿನ ದಿನ ಅಪ್ಪ ಸ್ಟೂಲ್ ಹತ್ತಿ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ ಇಳಿಯುತ್ತಿದ್ದರು. ಕೈಮುಗಿ ಎಂದು ಅಮ್ಮ ಯಾವತ್ತೂ ಹೇಳಲಿಲ್ಲ. ಇಬ್ಬರೂ ಜಾಸ್ತಿ ಜಗಳ ಆಡಿದ್ದು ಹಾಲಿನ ಲೆಕ್ಕಕ್ಕೆ.

ನಿಮ್ಮ ಭಾವನ ಬಗ್ಗೆ ಎರಡು ಮಾತು. ಈ ಪತ್ರದಲ್ಲಿ ನನಗೆ ನಿಜವಾಗಿ ಸಿಟ್ಟು ಬಂದಿರುವುದು ಅವರ ಮೇಲೆ. ಅವರ ಸ್ವಂತ ತಾಯಿ ಊರಲ್ಲಿ ಒಬ್ಬರೇ ಇದ್ದಾರೆ, ಯುಗಾದಿ ಆದಮೇಲೆ ಇವರು ಆ ಕಡೆ ತಲೆ ಹಾಕಿಲ್ಲ ಎಂದು ನೀವೇ ಬರೆದಿದ್ದೀರಿ. ಬದುಕಿರುವ ತಾಯಿಗೆ ತುತ್ತು ಇಡದವರು ಸತ್ತ ಮಾವನ ತುತ್ತಿನ ಲೆಕ್ಕ ಕೇಳುತ್ತಿದ್ದಾರೆ. ನಿಮ್ಮ ಅವ್ವ ಆ ಗ್ರೂಪಿನಲ್ಲಿ ಇಲ್ಲವೇ ಇಲ್ಲ, ಅವರ ಹತ್ತಿರ ಇರುವುದು ಬಟನ್ ಫೋನು. ಅಲ್ಲಿ ಯಾರೂ ಅವ್ವನ ಪರ ಮಾತಾಡುತ್ತಿಲ್ಲ. ಅವ್ವನ ಹೆಸರಲ್ಲಿ ಮಜಾ ತಗೊಳ್ತಿದ್ದಾರೆ. ನೀವೂ ಸ್ವಲ್ಪ ತಗೊಂಡಿದ್ದೀರಿ, ಅಲ್ವಾ? ಗ್ರೂಪಿನಿಂದ ಹೊರಗೆ ಬನ್ನಿ. ಕಾರಣ ಬರೆಯಬೇಡಿ.

ಧೂಪ ಹಾಕಿ ಎಂದು ನಾನು ಹೇಳುವುದಿಲ್ಲ. ನಂಬದವನ ಕೈಯಿಂದ ಧೂಪ ಹಾಕಿಸಿದರೆ ಅದು ಅವ್ವನಿಗೂ ಸುಳ್ಳು, ನಿಮಗೂ ಸುಳ್ಳು. ನೋಟ್‌ಬುಕ್ ಕೊಡಿಸಿ, ಒಳ್ಳೆಯದು. ಆದರೆ ಎಡೆಯ ದುಡ್ಡಲ್ಲಿ ಬೇಡ, ನಿಮ್ಮ ಸಂಬಳದಲ್ಲಿ. ಎಡೆಯ ಖರ್ಚು ಅವ್ವನದ್ದು.

ಮಾಡಬೇಕಾದ್ದು ಒಂದೇ. ನಾಳೆ ನಾಲ್ಕೂವರೆಗೆ ಅಲಾರಂ ಇಟ್ಟು ಏಳಿ. ದೇವರ ಮನೆಗೆ ಹೋಗಿ ಗಂಟೆ ತಗೊಳ್ಳಿ. ಆ ಬಟ್ಟೆ ಬಿಚ್ಚಿ ಅವ್ವನ ಕೈಗೆ ಕೊಡಿ. ಕೈಮುಗಿಯಬೇಡಿ. ಕ್ಷಮಿಸು ಅನ್ನಬೇಡಿ, ಭಾಷಣ ಆಗಿಬಿಡುತ್ತದೆ. ಮರುದಿನ ಮತ್ತೆ ಸುತ್ತಿದ್ದರೆ ಮತ್ತೆ ಬಿಚ್ಚಿ. ಎಷ್ಟು ದಿನ ಬೇಕೋ ಅಷ್ಟು ದಿನ. ಸದ್ದಿಗೆ ಮಗಳು ಎದ್ದರೆ ಏಳಲಿ, ಎಲ್ಲರಿಗೂ ಕಾಫಿ ನೀವೇ ಮಾಡಿ.

ಆ ಐದು ಪುಟ ನನ್ನ ಹತ್ತಿರವೇ ಇರಲಿ. ವಾಪಸ್ ಕಳಿಸುವುದಿಲ್ಲ. ಇನ್ನೊಂದು ಪ್ರತಿ ಇಟ್ಟುಕೊಂಡಿದ್ದರೆ ಆ ಕಾಫಿಯ ಒಲೆಗೆ ಹಾಕಿ. ಗ್ಯಾಸ್ ಒಲೆಯಾದರೆ ಹರಿದು ಬಿಸಾಕಿ.