ಹೆಸರಿನ ಬೆನ್ನು ಹತ್ತಬೇಡಿ, ಹೊಲದ ಬೆನ್ನು ಹತ್ತಿ

ಧಾರವಾಡದ ಕಡೆ ಒಕ್ಕಲುತನ ಮಾಡುತ್ತಿದ್ದ ಮುತ್ತಜ್ಜನ ಹೆಸರು ಮತ್ತು ಊರು ಮಾತ್ರ ಗೊತ್ತು, ಅಲ್ಲಿಂದ ಹಿಂದಕ್ಕೆ, 1800ರ ನಂತರದ ಕಾಲಕ್ಕೆ ಹೋಗುವುದು ಹೇಗೆ ಎಂದು ಕೇಳಿದ್ದೀರಿ. ನಮ್ಮದೂ ಅದೇ ಸೀಮೆ. ನಮ್ಮ ಮನೆತನಕ್ಕಾಗಿ ನಾನೂ ಹೀಗೇ ಅಲೆದಿದ್ದೇನೆ.

ಹೆಸರನ್ನೇ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿ ನಮ್ಮದು. ನಮ್ಮಲ್ಲೇ ನಾಲ್ವರು ಬಸಪ್ಪಂದಿರು ಸಿಕ್ಕರು. ಇಬ್ಬರನ್ನು ಒಬ್ಬರೇ ಎಂದುಕೊಂಡು ಬಹಳ ದಿನ ತಪ್ಪು ವಂಶಾವಳಿ ಇಟ್ಟುಕೊಂಡಿದ್ದೆ. ಹೊಲ ಹಾಗಲ್ಲ. ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾಗಿ ನಂಬರಿಗೆ ಬಾಲ ಬೆಳೆದರೂ ಮೂಲ ಸರ್ವೆ ನಂಬರ್ ಸಾಮಾನ್ಯವಾಗಿ ಉಳಿದಿರುತ್ತದೆ.

ಈಗಿನ ಉತಾರ (ಪಹಣಿ) ಹಿಡಿದುಕೊಂಡು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ, ಆ ನಂಬರಿನ ಹಳೆಯ ಕೈಬರಹದ ಉತಾರಗಳಿಗೆ ಮತ್ತು ಅವುಗಳಲ್ಲಿ ಕಾಣುವ ಡೈರಿಗಳಿಗೆ, ಅಂದರೆ ಹೊಲದ ಹಕ್ಕು ಬದಲಾದಾಗ ಬರೆದಿಟ್ಟ ನಮೂದುಗಳಿಗೆ, ನಕಲು ಅರ್ಜಿ ಕೊಡಿ. ಅದರಲ್ಲೂ ಹೊಲ ವಾರಸದಾರರಿಗೆ ಹೋದಾಗಿನ ವಾರಸಾ ಡೈರಿ ಬಿಡಬೇಡಿ. ಯಾರು ತೀರಿಕೊಂಡರು, ಹಿಂದೆ ಉಳಿದವರು ಯಾರು ಎಂಬುದು ಅಲ್ಲಿರುತ್ತದೆ. ಧಾರವಾಡ ಆಗ ಸೇರಿದ್ದ ಮುಂಬೈ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ತಡ ಆಯಿತೆಂದು ಕೈಬಿಡಬೇಡಿ: 1915ರ ಸುಮಾರಿಗೆ ತೀರಿಕೊಂಡ ಮುದುಕ ಹುಟ್ಟಿದ್ದು 1850ರ ಆಸುಪಾಸು, ಅವನ ಹೆಸರಿನ ಜೊತೆಗೆ ಅವನ ತಂದೆಯ ಹೆಸರೂ ಸಿಗುತ್ತದೆ. ಅದಕ್ಕೂ ಹಿಂದಿನ ಕಾಗದಗಳು ಬಹುಪಾಲು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿವೆ, ಓದಬಲ್ಲವರನ್ನು ಹುಡುಕಿಕೊಳ್ಳಬೇಕು.

ಜೊತೆಗೆ ಮನೆಯ ಹಿರಿಯರನ್ನು ಕೇಳಿ, ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಹೆಳವರು ಬರುತ್ತಿದ್ದರೇ ಎಂದು. ವಂಶ ಹೇಳುವುದೇ ಅವರ ಕಸುಬು, ಯಾವ ಮನೆತನ ಯಾರದೆಂದು ಅವರವರಲ್ಲೇ ಪಾಲಾಗಿರುತ್ತದೆ. ನಿಮ್ಮವರು ಸಿಕ್ಕರೆ ನಿಮಗೆ ಗೊತ್ತಿರುವ ಹೆಸರುಗಳನ್ನು ಮೊದಲೇ ಬಾಯಿಬಿಡಬೇಡಿ, ಅವರು ಹೇಳಿದ್ದನ್ನು ಪೂರ್ತಿ ಬರೆದುಕೊಂಡು ಆಮೇಲೆ ಡೈರಿಗೆ ಹೋಲಿಸಿ. ಕಾಲವನ್ನು ಸಂವತ್ಸರದಲ್ಲಿ ಹೇಳಿದರೆ ಎಚ್ಚರ, ಅದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. “ಧಾತು ಸಂವತ್ಸರದಲ್ಲಿ ಊರು ಬಿಟ್ಟರು” ಎಂದರೆ ದೊಡ್ಡ ಬರ ಶುರುವಾದ 1876 ಇರಬಹುದು, ಆದರೆ 1936 ಕೂಡ ಧಾತುವೇ. ತಲೆಮಾರು ಎಣಿಸಿ ತೀರ್ಮಾನಿಸಿ.

ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಬಹಳ ನೋವಾಯಿತು. ಹೆಚ್ಚಾಗಿ ವಿಧವೆಯಾಗಿ ವಾರಸದಾರಳಾದರೆ ಮಾತ್ರ ಡೈರಿಯಲ್ಲಿ ಹೆಸರು, ಕೊಟ್ಟ ಮಗಳ ಸುದ್ದಿಯೇ ಇಲ್ಲ. ನಮ್ಮ ಮುತ್ತಜ್ಜಿಯ ತವರೂರು ಯಾವ ಕಾಗದದಲ್ಲೂ ಇರಲಿಲ್ಲ. ಹೆಳವಜ್ಜ ಒಂದೇ ಉಸಿರಿನಲ್ಲಿ ಹೇಳಿದರು. ಮರುವಾರ ಅವ್ವನನ್ನು ಕರೆದುಕೊಂಡು ಆ ಊರಿಗೆ ಹೋಗಿ ಬಂದೆ.