ಕಾಸರಗೋಡಿನ ಮನೆಗೆ ಕನ್ನಡ ಸುದ್ದಿ ಬರುವ ದಾರಿ

ಕಾಸರಗೋಡಿನ ಲೋಕಲ್ ಟಿವಿ ಸ್ಟೇಷನ್ ಯಾವ ನೆಟ್‌ವರ್ಕಿಗೆ ಸೇರಿದ್ದು ಎಂದು ಕೇಳಿದ್ದೀರಿ. ಅಮೆರಿಕದಲ್ಲಿ ಊರಿನ ಸ್ಟೇಷನ್ನೇ ಊರ ಸುದ್ದಿ ಓದಿ, ಬಳಿಕ ಎಬಿಸಿ, ಎನ್‌ಬಿಸಿಯಂಥ ಜಾಲದ ಸುದ್ದಿ ಹಾಕುತ್ತದೆ. ನಮ್ಮಲ್ಲಿ ಹಾಗಿಲ್ಲ. ದೊಡ್ಡ ಖಾಸಗಿ ವಾಹಿನಿಗಳೆಲ್ಲ ಉಪಗ್ರಹದಿಂದ ಇಡೀ ದೇಶಕ್ಕೆ ಒಟ್ಟಿಗೇ ಇಳಿಯುತ್ತವೆ. ಒಂದು ಬಳಗ ಕವಲೊಡೆಯುವುದು ಭಾಷೆಯ ಮೇಲೆ: ಏಷ್ಯಾನೆಟ್ ನ್ಯೂಸ್ ಮಲಯಾಳ, ಸುವರ್ಣ ನ್ಯೂಸ್ ಕನ್ನಡ, ನ್ಯೂಸ್18 ಕೇರಳ, ನ್ಯೂಸ್18 ಕನ್ನಡ.

1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಹಾಗಾಗಿ ಕೇಬಲಿನಲ್ಲಿ ಕನ್ನಡ ವಾಹಿನಿ ಸಿಗುವುದು ಬಿಡುವುದು ಒಂದು ಲೆಕ್ಕಾಚಾರದ ಮೇಲೆ ನಿಂತಿದೆ. ಟಿವಿ, ದೂರಸಂಪರ್ಕ ಸೇವೆಗಳ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2017ರ ನಿಯಮದಲ್ಲಿ, ಕೇಬಲ್ ಕಂಪನಿಯು ತಾನು ಸೇವೆ ಕೊಡುವ ಪ್ರದೇಶವೆಂದು ಘೋಷಿಸಿದ ಮಾರುಕಟ್ಟೆಯಲ್ಲಿ ಸತತ 6 ತಿಂಗಳು ಶೇ 5ಕ್ಕಿಂತ ಕಡಿಮೆ ಚಂದಾದಾರರಿರುವ ವಾಹಿನಿಯನ್ನು ಕೈಬಿಡಬಹುದು. ಉಳಿಸಿಕೊಂಡರೂ, ನೋಡುವವರು ಕಡಿಮೆಯಾದಷ್ಟೂ ವಾಹಿನಿಯವರು ತಮ್ಮ ವಾಹಿನಿ ತೋರಿಸಲು ಕೇಬಲ್ ಕಂಪನಿಗೆ ತೆರಬೇಕಾದ ಕ್ಯಾರೇಜ್ ಶುಲ್ಕ ಹೆಚ್ಚು. ಆ ಮಾರುಕಟ್ಟೆ ಇಡೀ ಕೇರಳವಾದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡದ ಮನೆಗಳೆಲ್ಲ ಸೇರಿದರೂ ಶೇ 5 ಮುಟ್ಟುವುದಿಲ್ಲ. ತಾಲೂಕಿನಲ್ಲಿ ಎದ್ದು ಕಾಣುವ ಭಾಷೆ ರಾಜ್ಯದ ಲೆಕ್ಕದಲ್ಲಿ ಕಾಣೆಯಾಗುತ್ತದೆ. ಇದು ಅನ್ಯಾಯ, ಗಡಿ ಜಿಲ್ಲೆಯನ್ನು ಬೇರೆ ಮಾರುಕಟ್ಟೆಯಾಗಿಯೇ ಎಣಿಸಬೇಕು.

ಗಡಿಯಾಚೆ ಮಂಗಳೂರಿನಲ್ಲಿ ಕನ್ನಡ, ತುಳು, ಕೊಂಕಣಿಯಲ್ಲಿ ಸುದ್ದಿ ಕೊಡುವ ಸ್ಥಳೀಯ ಕೇಬಲ್ ವಾಹಿನಿಗಳಿವೆ. ಗಡಿಯ ತಲಪಾಡಿ ದಾಟಿ ಈಚೆ ಬಂದರೆ ಅವು ಕೇಬಲಿನಲ್ಲಿ ಸಿಗುವ ಭರವಸೆಯಿಲ್ಲ. ಇಂಥವನ್ನು ಸರಕಾರ ‘ಪ್ಲಾಟ್‌ಫಾರ್ಮ್ ಸರ್ವಿಸ್’ ಎನ್ನುತ್ತದೆ. 2022ರ ಮಾರ್ಗಸೂಚಿಯ ಪ್ರಕಾರ ಒಂದು ಕೇಬಲ್ ಜಾಲದ ಇಂಥ ಕಾರ್ಯಕ್ರಮವನ್ನು ಇನ್ನೊಂದು ಜಾಲಕ್ಕೆ ಕೊಡುವಂತಿಲ್ಲ. ದೇವಸ್ಥಾನದಂಥ ಕಡೆಗಳ ನೇರಪ್ರಸಾರಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಅವನ್ನು ಯೂಟ್ಯೂಬಿನಲ್ಲಿ ನೋಡುವುದೇ ಸುಲಭ.

ಹೊಸದಾಗಿ ಇಲ್ಲಿ ಮನೆ ಮಾಡುವುದಾದರೆ ಕೇಬಲಿನವರನ್ನು ಪ್ಯಾಕಿನ ಬೆಲೆಗಿಂತ ಮೊದಲು, ‘ನಿಮ್ಮ ಹೆಡ್‌ಎಂಡಿನಲ್ಲಿ ಯಾವ ಯಾವ ಕನ್ನಡ ವಾಹಿನಿ ಇವೆ?’ ಎಂದು ಕೇಳಿ, ವಾಹಿನಿ ಸಂಖ್ಯೆ ಬರೆದುಕೊಳ್ಳಿ. ಹೆಡ್‌ಎಂಡ್ ಎಂದರೆ ಕೇಬಲಿನವರು ಉಪಗ್ರಹದ ಸಿಗ್ನಲ್ ಹಿಡಿದು ಮನೆಗಳಿಗೆ ಕಳಿಸುವ ಕೇಂದ್ರ. ಅಲ್ಲಿ ಇಲ್ಲದ್ದನ್ನು ಎಷ್ಟು ದುಡ್ಡು ಕೊಟ್ಟರೂ ಹಾಕಿಸಲಾಗದು. ಇದ್ದರೆ ಬಿಡಿಯಾಗಿ ಸೇರಿಸಲು ಹೇಳಿ. ಪಬ್ಲಿಕ್ ಟಿವಿಯಂಥ ಉಚಿತ ವಾಹಿನಿಯೂ ಮಲಯಾಳ ಪ್ಯಾಕಿನಲ್ಲಿ ತಾನಾಗಿ ಬರದೇ ಇರಬಹುದು, ಹಾಗಿದ್ದರೆ ಹೆಸರು ಹೇಳಿಯೇ ಹಾಕಿಸಬೇಕು.

ಡಿಟಿಎಚ್‌ನಲ್ಲಿ ಈ ತೊಡಕಿಲ್ಲ. ಒಂದೇ ಸಿಗ್ನಲ್ ದೇಶಕ್ಕೆಲ್ಲ ಬರುತ್ತದೆ. ಕೇರಳದ ವಿಳಾಸ ಕೊಟ್ಟರೆ ಮೊದಲು ಮಲಯಾಳ ಪ್ಯಾಕ್ ತೋರಿಸುತ್ತಾರೆ. ಕನ್ನಡದ್ದೇ ಬೇಕೆಂದು ಕೇಳಿ ಪಡೆಯಿರಿ.

ತಿಂಗಳ ಖರ್ಚೇ ಬೇಡವಾದರೆ ಡಿಡಿ ಫ್ರೀ ಡಿಶ್ ಇದೆ, ಅದರಲ್ಲಿ ಚಂದನದ ವಾರ್ತೆ ಸಿಗುತ್ತದೆ. ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ಇಲ್ಲಿಂದ ನೋಡಿದರೆ ಆಗ್ನೇಯಕ್ಕೆ, ಸುಮಾರು 64 ಡಿಗ್ರಿ ಎತ್ತರದಲ್ಲಿ. ಆ ದಿಕ್ಕಿಗೆ ತೆಂಗು, ಅಡಿಕೆ ಮರದ ತಲೆ ಅಡ್ಡ ಇರಬಾರದು. ಬೇಸಿಗೆಯಲ್ಲಿ ಕೂರಿಸುವಾಗ ಸಿಗ್ನಲ್ ಬಂದರೆ ಸಾಕೆಂದು ಬಿಡಬೇಡಿ, ಗರಿಷ್ಠ ಮಟ್ಟಕ್ಕೆ ಬರುವ ತನಕ ಡಿಶ್ ತಿರುಗಿಸಿ. ಹಾಗೆ ಮಾಡದಿದ್ದರೆ ಆಷಾಢದ ಜಡಿಮಳೆಗೆ ಚಿತ್ರ ಮೊದಲು ಚೂರುಚೂರಾಗಿ, ಆಮೇಲೆ ನಿಂತೇ ಹೋಗುತ್ತದೆ.