ಕುಂಡ ಇರಲಿ ಅಕ್ಕ, ತಟ್ಟೆ ತೆಗೀರಿ

ಮಂಡ್ಯದ ಅಕ್ಕ, ಬೀದೀಲಿ ಇಬ್ಬರಿಗೆ ಡೆಂಗಿ ಬಂದಿದೆ, ಅದಕ್ಕೇ ತಾರಸಿ ಮೇಲಿನ 40 ಕುಂಡಾನೂ ಖಾಲಿ ಮಾಡು ಅಂತ ಮನೆಯವರು ಹಟ ಹಿಡಿದಿದ್ದಾರೆ ಅಂತ ಬರೆದಿದ್ದೀರಿ. ಅವರ ಭಯ ಸುಳ್ಳಲ್ಲ. ಆದರೆ ಡೆಂಗಿ ಹರಡೋ ಸೊಳ್ಳೆ ಹುಟ್ಟೋದು ಮಣ್ಣಲ್ಲೂ ಅಲ್ಲ, ಗಿಡದಲ್ಲೂ ಅಲ್ಲ, ನಿಂತ ತಿಳಿನೀರಲ್ಲಿ. ಕುಂಡದ ಕೆಳಗಿನ ತಟ್ಟೆಯೇ ಮೊದಲ ಕಳ್ಳ.

ನನ್ನ ಕಥೆ ಕೇಳಿ. 2024ರಲ್ಲಿ ಸರ್ಕಾರದವರು ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ನೀರು ನಿಲ್ಲಿಸಿಕೊಂಡ ನಗರದ ಮನೆಗೆ 400 ರೂಪಾಯಿ ದಂಡ ಅಂದರಲ್ಲ, ಆಗ ಕುವೆಂಪುನಗರದ ನಮ್ಮ ಮನೆಗೆ ಲಾರ್ವಾ (ಸೊಳ್ಳೆಯ ಮರಿಹುಳ) ಸಮೀಕ್ಷೆಗೆ ಆಶಾ ಕಾರ್ಯಕರ್ತೆ ಬಂದರು. ನಾನು ಜಂಬದಿಂದ ತಾರಸಿ ತೋರಿಸಿದೆ. ಅಲ್ಲೇನೂ ಸಿಗಲಿಲ್ಲ. ಕೆಳಗೆ ಬಂದು ನೀರು ಕುಡೀತಿದ್ದೋರ ಕಣ್ಣು ಟಿವಿ ಪಕ್ಕದ ಮನಿಪ್ಲಾಂಟ್ ಬಾಟಲಿ ಮೇಲೆ ಬಿತ್ತು. ಮೊಬೈಲ್ ಟಾರ್ಚ್ ಹಾಕಿ ಬಾಟಲಿ ಅಲ್ಲಾಡಿಸಿದರು. ಬೇರಿನ ಸಂದಿಯಿಂದ ಸಣ್ಣ ಸಣ್ಣ ಹುಳ ಕೊಂಕುತ್ತಾ ತಳಕ್ಕಿಳಿದವು. ವಾರವಾರ ನೀರು ಬದಲಾಯಿಸ್ತೀನಿ ಅಂತ ವಾದ ಬೇರೆ ಮಾಡಿದೆ! ಮೊಟ್ಟೆ ನೀರಿನ ಅಂಚಲ್ಲಿ ಗೋಡೆಗೆ ಅಂಟಿರುತ್ತಂತೆ. ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ, ಮತ್ತೆ ನೀರು ತಾಗಿದಾಗ ಮರಿಯಾಗುತ್ತೆ. ಆದ್ದರಿಂದ ಚೆಲ್ಲಿದರೆ ಸಾಲದು, ತೆಂಗಿನ ನಾರಲ್ಲಿ ಒಳಗೆಲ್ಲಾ ಉಜ್ಜಬೇಕು. ಮೊಟ್ಟೆ ಸೊಳ್ಳೆಯಾಗೋಕೆ 7ರಿಂದ 10 ದಿನ ಸಾಕು, ಹಾಗಾಗಿ ವಾರ ತಪ್ಪಿಸಬೇಡಿ. ನಮ್ಮಲ್ಲಿ ಭಾನುವಾರ, ತಿಂಡಿಗೆ ಮುಂಚೆ.

ತಟ್ಟೆ ತೆಗೆದು ಕುಂಡವನ್ನ ಎರಡು ಇಟ್ಟಿಗೆ ಮೇಲಿಡಿ. ತಟ್ಟೆ ಬೇಕೇ ಬೇಕು ಅಂದರೆ ಅಂಚಿನವರೆಗೆ ಮರಳು ತುಂಬಿ. ಡ್ರಮ್ಮಿನ ಬಾಯಿಗೆ ಹಳೇ ಪಂಚೆ ಬಿಗಿಯಾಗಿ ಕಟ್ಟಿ, ತಾವರೆ ತೊಟ್ಟಿಗೆ ನಾಲ್ಕು ಗಪ್ಪಿ ಮೀನು ಬಿಡಿ. ಕುಂಡದ ಮೇಲೆ ನೀರು ನಿಲ್ತಿದ್ದರೆ ತಳದ ತೂತು ಕಟ್ಟಿದೆ ಅಂತ ಅರ್ಥ, ಕಡ್ಡಿ ಹಾಕಿ ಬಿಡಿಸಿ. ನರ್ಸರಿಯವರು 'ಸೊಳ್ಳೆ ಓಡಿಸೋ ಗಿಡ' ಅಂತ ಮಾರೋದಕ್ಕೆ ದುಡ್ಡು ಸುರೀಬೇಡಿ, ಸುಮ್ಮನೆ ನಿಂತ ನಿಂಬೆಹುಲ್ಲಿಗೆ ಯಾವ ಸೊಳ್ಳೆಯೂ ಹೆದರಲ್ಲ. ಇದು ಹಗಲು ಕಚ್ಚೋ ಸೊಳ್ಳೆ, ಬೆಳಗ್ಗೆ ಸಂಜೆ ನೀರು ಹಾಕುವಾಗ ತುಂಬುತೋಳು ಇರಲಿ.

ಖಾಲಿ ಮಾಡಬೇಡಿ ಅಂತ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಮ್ಮತ್ತೆ ರೂಮು ಬಿಟ್ಟು ಹೊರಗೇ ಬರ್ತಿರಲಿಲ್ಲ, ಇಡೀ ದಿನ ಟಿವಿಯ ಸಾವಿನ ಲೆಕ್ಕ. ಒಂದಿನ ಮಹಡಿ ಮನೆಯವರು ಹಗ್ಗಕ್ಕೆ ಬುಟ್ಟಿ ಕಟ್ಟಿ ನಾಲ್ಕು ಬಸಳೆ ಕಡ್ಡಿ ಇಳಿಸಿದರು. ಆರು ವರ್ಷದಿಂದ ಮೇಲೇ ಇದ್ದೋರು, ಹೆಸರೂ ಗೊತ್ತಿರಲಿಲ್ಲ ನಮಗೆ. ಅತ್ತೆ ಕಡ್ಡಿ ನೆಟ್ಟರು, ದಿನಾ ಚಿಗುರು ನೋಡೋಕೆ ಹೊರಗೆ ಬಂದರು. ತಿಂಗಳೊಪ್ಪತ್ತಲ್ಲಿ ಅದೇ ಬುಟ್ಟೀಲಿ ಬಸಳೆ ಹುಳಿ ಮೇಲಕ್ಕೆ ಹೋಯ್ತು. ಈಗ ಭಾನುವಾರ ಡ್ರಮ್ಮು ಉಜ್ಜೋದೂ ಆ ಬುಟ್ಟಿ ಬಳಗವೇ. ಈ ಸೊಳ್ಳೆ ಹೆಚ್ಚು ದೂರ ಹಾರಲ್ಲ, ಪಕ್ಕದ ಮನೇಲಿ ಹುಟ್ಟಿದ್ದೇ ನಮ್ಮನ್ನ ಕಚ್ಚೋದು. ನಿಮ್ಮ ಅಕ್ಕಪಕ್ಕದವರನ್ನೂ ಸೇರಿಸಿಕೊಳ್ಳಿ, ಒಂದೊಂದು ಹಿಡಿ ದಂಟಿನ ಬೀಜ ಕೊಟ್ಟು ಕರೀರಿ, ಬರ್ತಾರೆ.

ಯಜಮಾನರಿಗೆ ಹದಿನೈದು ದಿನ ಗಡುವು ಕೇಳಿ. ಅಷ್ಟರೊಳಗೆ ತಾರಸಿಯ ಮಳೆನೀರು ಕೊಳವೆ ಬಾಯಿ ನೋಡಿ. ನೀವು ಕಳಿಸಿದ ಫೋಟೋದಲ್ಲಿ ಬಲಗಡೆ ಮೂಲೇಲಿ ಎಲೆ ಕಟ್ಟಿಕೊಂಡ ಹಾಗೆ ಕಾಣ್ತಿದೆ.